ವಿದ್ಯುತ್ ಚಾಪದಲ್ಲಿ ಕಾಂತೀಯ ಒತ್ತಡ ಮತ್ತು ಪ್ಲಾಸ್ಮಾ ಒತ್ತಡ

ಎರಡು ವಿದ್ಯುದಗ್ರಗಳ ನಡುವಿನ ಅನಿಲ ಅಥವಾ ಲೋಹದ ಆವಿಯ ಮೂಲಕ, ಕೆಲವು ಹತ್ತು ವೋಲ್ಟುಗಳಷ್ಟು ಕಡಿಮೆ ವಿಭವಾಂತರದಲ್ಲಿಯೇ, ಕೆಲವು ಆಂಪಿಯರುಗಳಿಂದ ಹಿಡಿದು ಲಕ್ಷ ಆಂಪಿಯರುಗಳವರೆಗಿನ ವಿದ್ಯುತ್ ಪ್ರವಾಹವು ಎಡೆಬಿಡದೆ ಹರಿಯುವ ಸ್ಥಿತಿಯನ್ನು ವಿದ್ಯುತ್ ಚಾಪ ಅಥವಾ ಆರ್ಕ್ ವಿಸರ್ಜನೆ ಎನ್ನುತ್ತಾರೆ. ಇಂಥ ಚಾಪದೊಳಗೆ ಎರಡು ಬಗೆಯ ಒತ್ತಡಗಳು ಜೊತೆಯಾಗಿ ವರ್ತಿಸುತ್ತವೆ: ಅಯಾನೀಕರಣಗೊಂಡ ಬಿಸಿ ಅನಿಲದ ಕಣಗಳ ಚಲನೆಯಿಂದ ಉಂಟಾಗಿ ಹೊರಮುಖವಾಗಿ ತಳ್ಳುವ ಪ್ಲಾಸ್ಮಾ ಒತ್ತಡ, ಮತ್ತು ಹರಿಯುವ ಪ್ರವಾಹವು ತನ್ನ ಸುತ್ತ ತಾನೇ ನಿರ್ಮಿಸಿಕೊಳ್ಳುವ ಕಾಂತಕ್ಷೇತ್ರದಿಂದ ಒಳಮುಖವಾಗಿ ಅದುಮುವ ಕಾಂತೀಯ ಒತ್ತಡ. ಚಾಪದ ದಪ್ಪ, ಅದರ ನಿಲುವು, ಅದರಿಂದ ಹೊರಡುವ ಧಾರೆಗಳ ವೇಗ, ವಿದ್ಯುದಗ್ರಗಳ ಮೇಲೆ ಬೀಳುವ ಬಲ ಇವೆಲ್ಲ ಬಹುಮಟ್ಟಿಗೆ ಈ ಎರಡರ ತೂಗಾಟದಿಂದ ನಿರ್ಧಾರವಾಗುತ್ತವೆ. ಸಾಮಾನ್ಯ ಚಾಪಗಳ ಬಹುಭಾಗದಲ್ಲಿ ಕಾಂತೀಯ ಒತ್ತಡವು ಪ್ಲಾಸ್ಮಾ ಒತ್ತಡದ ನೂರರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ; ಆದರೂ ಚಾಪದೊಳಗಿನ ಚಲನೆಯನ್ನು ಹೆಚ್ಚಾಗಿ ಅದೇ ಆಳುತ್ತದೆ, ಏಕೆಂದರೆ ದ್ರವ್ಯವನ್ನು ಹರಿಯುವಂತೆ ಮಾಡುವುದು ಒತ್ತಡದ ಒಟ್ಟು ಪ್ರಮಾಣವಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಅದರಲ್ಲಿರುವ ವ್ಯತ್ಯಾಸ.

ಪ್ಲಾಸ್ಮಾ ಒತ್ತಡವನ್ನು ಲೆಕ್ಕ ಹಾಕುವ ಕ್ರಮ ಸರಳವಾದುದು. ಒಂದು ಘನ ಮೀಟರಿನಲ್ಲಿರುವ ಎಲೆಕ್ಟ್ರಾನುಗಳು, ಅಯಾನುಗಳು ಮತ್ತು ತಟಸ್ಥ ಪರಮಾಣುಗಳ ಸಂಖ್ಯೆಗಳನ್ನು ಆಯಾ ಕಣಗಳ ನಿರಪೇಕ್ಷ ತಾಪದಿಂದಲೂ ಬೋಲ್ಟ್ಸ್‌ಮನ್ ಸ್ಥಿರಾಂಕದಿಂದಲೂ ಗುಣಿಸಿ ಕೂಡಿದರೆ ಒಟ್ಟು ಒತ್ತಡ ದೊರೆಯುತ್ತದೆ. ಯಾವ ತಾಪದಲ್ಲಿ ಎಷ್ಟು ಪಾಲು ಪರಮಾಣುಗಳು ಅಯಾನುಗಳಾಗುತ್ತವೆ ಎಂಬುದನ್ನು ಮೇಘನಾದ ಸಹಾ ಅವರು 1920ರಲ್ಲಿ ಪ್ರಕಟಿಸಿದ ಸಮೀಕರಣವು ತಿಳಿಸುತ್ತದೆ. ನಕ್ಷತ್ರಗಳ ರೋಹಿತವನ್ನು ವಿವರಿಸಲು ರೂಪಿಸಿದ ಆ ಸಮೀಕರಣವು ಚಾಪಗಳ ಅಧ್ಯಯನಕ್ಕೂ ತಳಹದಿಯಾಗಿದೆ. ಅದರ ಪ್ರಕಾರ, ವಾತಾವರಣದ ಒತ್ತಡದಲ್ಲಿರುವ ಆರ್ಗಾನ್ ಅನಿಲದ ಸುಮಾರು ಅರ್ಧ ಪಾಲು 15,000 ಕೆಲ್ವಿನ್ ಆಸುಪಾಸಿನಲ್ಲಿ ಅಯಾನುಗಳಾಗಿ ಮಾರ್ಪಟ್ಟಿರುತ್ತದೆ. ಚಾಪದ ತಾಪ ಎಷ್ಟೇ ಏರಿದರೂ, ತೆರೆದ ಗಾಳಿಯಲ್ಲಿ ನಿಧಾನವಾಗಿ ಉರಿಯುವ ಚಾಪದ ಒಳಗಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಉಳಿಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಬಿಸಿಯಾದ ಅನಿಲಕ್ಕೆ ಹಿಗ್ಗಲು ಬೇಕಾದಷ್ಟು ಕಾಲಾವಕಾಶ ಇರುವುದರಿಂದ ಅದು ತಾಪ ಏರಿದಂತೆ ತೆಳುವಾಗುತ್ತ ಹೋಗುತ್ತದೆ. 300 ಕೆಲ್ವಿನ್ ತಾಪದ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಎಷ್ಟು ಕಣಗಳಿರುತ್ತವೆಯೋ ಅದರ ಸುಮಾರು 67ರಲ್ಲಿ ಒಂದು ಭಾಗ ಮಾತ್ರ 20,000 ಕೆಲ್ವಿನ್ ತಾಪದ ಪ್ಲಾಸ್ಮಾದಲ್ಲಿರುತ್ತದೆ. ಈ ವಿರಳತೆಯೇ ಮುಂದೆ ಕಾಂತೀಯ ಬಲಕ್ಕೆ ಅನುಕೂಲ ಒದಗಿಸುತ್ತದೆ: ಅಷ್ಟು ಹಗುರವಾದ ದ್ರವ್ಯವನ್ನು ಸಣ್ಣ ಒತ್ತಡವೂ ಬಹಳ ವೇಗವಾಗಿ ದೂಡಬಲ್ಲದು.

ಕಾಂತೀಯ ಒತ್ತಡದ ಮೂಲ ಕಾಂತಕ್ಷೇತ್ರದ ಶಕ್ತಿಸಾಂದ್ರತೆಯಲ್ಲಿದೆ. ಕ್ಷೇತ್ರದ ತೀವ್ರತೆಯ ವರ್ಗವನ್ನು ನಿರ್ವಾತದ ಕಾಂತೀಯ ಸ್ಥಿರಾಂಕದ ಎರಡರಷ್ಟರಿಂದ ಭಾಗಿಸಿದಾಗ ಬರುವ ಪ್ರಮಾಣವು ಶಕ್ತಿಸಾಂದ್ರತೆಯೂ ಹೌದು, ಕ್ಷೇತ್ರರೇಖೆಗಳಿಗೆ ಅಡ್ಡಲಾಗಿ ವರ್ತಿಸುವ ಒತ್ತಡವೂ ಹೌದು. ರೇಖೆಗಳ ಉದ್ದಕ್ಕೆ ಮಾತ್ರ ಅಷ್ಟೇ ಪ್ರಮಾಣದ ಎಳೆತವಿರುತ್ತದೆ. ನೇರವಾದ ಚಾಪದ ಸುತ್ತ ಕ್ಷೇತ್ರರೇಖೆಗಳು ಬಳೆಗಳಂತೆ ಸುತ್ತಿಕೊಂಡಿರುವುದರಿಂದ ಅವುಗಳ ಎಳೆತವೂ ಹೊರಗಿನ ಒತ್ತಡವೂ ಸೇರಿ ಚಾಪದ ಕಂಬವನ್ನು ಅಕ್ಷದ ಕಡೆಗೆ ಹಿಸುಕುತ್ತವೆ. ಪ್ರವಾಹವು ಕಂಬದ ಅಡ್ಡಕೊಯ್ತದಲ್ಲಿ ಸಮನಾಗಿ ಹಂಚಿಹೋಗಿದ್ದರೆ, ಈ ಹಿಸುಕಿನಿಂದ ಅಕ್ಷದಲ್ಲಿ ಏರುವ ಒತ್ತಡವು ಅಂಚಿನಲ್ಲಿರುವ ಕಾಂತೀಯ ಒತ್ತಡದ ಸರಿಯಾಗಿ ಎರಡರಷ್ಟಾಗಿರುತ್ತದೆ. ಪ್ಲಾಸ್ಮಾ ಒತ್ತಡಕ್ಕೂ ಕಾಂತೀಯ ಒತ್ತಡಕ್ಕೂ ಇರುವ ಅನುಪಾತವನ್ನು ಪ್ಲಾಸ್ಮಾ ವಿಜ್ಞಾನದಲ್ಲಿ ಬೀಟಾ ಎಂದು ಕರೆಯುತ್ತಾರೆ.

ಬೆಸುಗೆಯ ಕಾರ್ಖಾನೆಗಳಲ್ಲಿ ದಿನವೂ ಬಳಕೆಯಾಗುವ, 200 ಆಂಪಿಯರ್ ಪ್ರವಾಹದ ಮತ್ತು 2 ಮಿಲಿಮೀಟರ್ ತ್ರಿಜ್ಯದ ಒಂದು ಚಾಪವನ್ನು ತೆಗೆದುಕೊಂಡರೆ ಈ ಪ್ರಮಾಣಗಳು ಸ್ಪಷ್ಟವಾಗುತ್ತವೆ. ಅದರ ಅಂಚಿನಲ್ಲಿ ಕಾಂತಕ್ಷೇತ್ರ 0.02 ಟೆಸ್ಲಾ, ಕಾಂತೀಯ ಒತ್ತಡ ಸುಮಾರು 160 ಪಾಸ್ಕಲ್. ವಾತಾವರಣದ ಒತ್ತಡ ಒಂದು ಲಕ್ಷ ಪಾಸ್ಕಲಿಗಿಂತ ತುಸು ಹೆಚ್ಚು ಇರುವುದರಿಂದ ಬೀಟಾ ಇಲ್ಲಿ 600ನ್ನು ಮೀರುತ್ತದೆ. ಇದೇ ತ್ರಿಜ್ಯದ ಚಾಪದಲ್ಲಿ ಕಾಂತೀಯ ಒತ್ತಡವು ವಾತಾವರಣದ ಒತ್ತಡಕ್ಕೆ ಸಮನಾಗಬೇಕಾದರೆ ಸುಮಾರು 5,000 ಆಂಪಿಯರ್ ಹರಿಯಬೇಕು. ತ್ರಿಜ್ಯ 1 ಸೆಂಟಿಮೀಟರ್ ಆದರೆ 25,000 ಆಂಪಿಯರ್ ಬೇಕು. ಆದ್ದರಿಂದ ದೊಡ್ಡ ಪ್ರವಾಹಗಳನ್ನು ಬಿಟ್ಟರೆ, ಚಾಪದ ಕಂಬ ಒಟ್ಟುಗೂಡಿ ನಿಲ್ಲಲು ಕಾರಣ ಕಾಂತೀಯ ಹಿಸುಕು ಎಂದು ಹೇಳಲಾಗದು. ಅಲ್ಲಿ ಚಾಪದ ದಪ್ಪವನ್ನು ನಿರ್ಧರಿಸುವುದು, ಪ್ರವಾಹದಿಂದ ಹುಟ್ಟುವ ಶಾಖ ಮತ್ತು ಅಂಚಿನಿಂದ ಸೋರಿಹೋಗುವ ಶಾಖ ಇವುಗಳ ಸಮತೋಲ. ಸುತ್ತಲಿನ ಅನಿಲ ತಂಪಾದಷ್ಟೂ ಚಾಪ ಕಿರಿದಾಗಿ, ಒಳಗಿನ ತಾಪ ಏರುತ್ತದೆ. 1951ರಲ್ಲಿ ಜರ್ಮನಿಯಲ್ಲಿ ಬುರ್‌ಹಾರ್ನ್, ಮೆಕರ್ ಮತ್ತು ಪೀಟರ್ಸ್ ಅವರು ಸುಳಿಯುವ ನೀರಿನ ಗೋಡೆಯೊಳಗೆ ಸುಮಾರು 1,500 ಆಂಪಿಯರ್ ಚಾಪವನ್ನು ಉರಿಸಿ 50,000 ಕೆಲ್ವಿನ್ ಮುಟ್ಟಿದ್ದು ಶಾಖದ ಈ ಬಗೆಯ ಹಿಸುಕಿನಿಂದಲೇ.

ಕಾಂತೀಯ ಹಿಸುಕು, ಅಂದರೆ ಪಿಂಚ್ ಪರಿಣಾಮವು ಮೊದಲು ಗೋಚರಿಸಿದ್ದು ಅನಿಲದಲ್ಲಲ್ಲ, ಲೋಹದಲ್ಲಿ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದ ಹಾರ್ಟ್ಲಿ ವೇಲ್‌ನಲ್ಲಿ ಸಿಡಿಲು ಬಡಿದು ಅಪ್ಪಚ್ಚಿಯಾಗಿದ್ದ ತಾಮ್ರದ ಕೊಳವೆಯೊಂದನ್ನು ಸಿಡ್ನಿಯ ವಿಜ್ಞಾನಿಗಳಾದ ಪೊಲಾಕ್ ಮತ್ತು ಬ್ಯಾರಕ್ಲಫ್ 1905ರಲ್ಲಿ ಪರೀಕ್ಷಿಸಿ, ಸಿಡಿಲಿನ ಪ್ರವಾಹವು ತನ್ನದೇ ಕಾಂತಕ್ಷೇತ್ರದಿಂದ ಕೊಳವೆಯನ್ನು ಒಳಕ್ಕೆ ಅದುಮಿತೆಂದು ತೋರಿಸಿದರು. ಎರಡು ವರ್ಷಗಳ ಅನಂತರ ಅಮೆರಿಕದ ನಾರ್ಥ್‌ರಪ್, ದ್ರವಲೋಹದ ಮೂಲಕ ಹೆಚ್ಚು ಪ್ರವಾಹ ಹರಿಸಿದಾಗ ಆ ದ್ರವ ನಡುವೆ ಸೊರಗಿ ತುಂಡಾಗುವುದನ್ನು ವಿವರಿಸಿದರು; ಪಿಂಚ್ ಎಂಬ ಹೆಸರನ್ನು ಕೊಟ್ಟವರು ಅದನ್ನು ಮೊದಲು ಗಮನಿಸಿದ್ದ ಕಾರ್ಲ್ ಹೆರಿಂಗ್. 1934ರಲ್ಲಿ ವಿಲಾರ್ಡ್ ಬೆನೆಟ್ ಅವರು ಅಯಾನೀಕೃತ ಧಾರೆಗೆ ಸಮತೋಲದ ನಿಯಮವನ್ನು ಬರೆದರು. ಧಾರೆಯ ಸುತ್ತ ಬೇರೆ ಅನಿಲವಿಲ್ಲದೆ ಕಾಂತೀಯ ಒತ್ತಡವೊಂದೇ ಅದನ್ನು ಹಿಡಿದಿಡಬೇಕಾದರೆ, ಪ್ರವಾಹದ ವರ್ಗವು ಒಂದು ಮೀಟರ್ ಉದ್ದದಲ್ಲಿರುವ ಕಣಗಳ ಸಂಖ್ಯೆಯನ್ನು ಎಲೆಕ್ಟ್ರಾನ್ ಮತ್ತು ಅಯಾನುಗಳ ತಾಪಗಳ ಮೊತ್ತದಿಂದ ಗುಣಿಸಿದ ಪ್ರಮಾಣಕ್ಕೆ ಅನುಪಾತದಲ್ಲಿರಬೇಕು. ಧಾರೆಯ ತ್ರಿಜ್ಯವು ಈ ಸಂಬಂಧದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಚಾಪದ ಪ್ಲಾಸ್ಮಾದಲ್ಲಿ ಈ ಕಾಂತೀಯ ಪರಿಣಾಮಗಳು ಹೇಗೆ ನಡೆಯುತ್ತವೆ ಎಂಬ ಸಿದ್ಧಾಂತವನ್ನು ಲೆವಿ ಟಾಂಕ್ಸ್ 1939ರಲ್ಲಿ ಪ್ರಕಟಿಸಿದರು.

ಸಾಮಾನ್ಯ ಚಾಪಗಳಿಗೆ ಸಂಬಂಧಿಸಿದಂತೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆಯನ್ನು ಇಟ್ಟವರು ಹೈನ್ಸ್ ಮೆಕರ್. ಅವರು 1955ರಲ್ಲಿ ಪ್ರಕಟಿಸಿದ ಪ್ರಬಂಧವು, ಚಾಪದ ತ್ರಿಜ್ಯ ಎಲ್ಲೆಡೆ ಒಂದೇ ಆಗಿರುವುದಿಲ್ಲ ಎಂಬ ಎಲ್ಲರಿಗೂ ಗೊತ್ತಿದ್ದ ಸಂಗತಿಯಿಂದ ಯಾರೂ ಅಷ್ಟು ಸ್ಪಷ್ಟವಾಗಿ ತೆಗೆಯದಿದ್ದ ಪರಿಣಾಮವನ್ನು ತೆಗೆಯಿತು. ಋಣಾಗ್ರದಿಂದ, ಅಂದರೆ ಕ್ಯಾಥೋಡಿನಿಂದ, ಎಲೆಕ್ಟ್ರಾನುಗಳು ಹೊರಬರುವ ಜಾಗ ಬಹಳ ಕಿರಿದಾಗಿರುತ್ತದೆ. ಅಲ್ಲಿಂದ ದೂರ ಸರಿದಂತೆ ಚಾಪ ಗಂಟೆಯ ಆಕಾರದಲ್ಲಿ ಅಗಲವಾಗುತ್ತದೆ. ಹರಿಯುವ ಒಟ್ಟು ಪ್ರವಾಹ ಎರಡೂ ಕಡೆ ಒಂದೇ ಆಗಿರುವುದರಿಂದ, ಕಿರಿದಾದ ಕಡೆ ಕಾಂತಕ್ಷೇತ್ರ ತೀವ್ರವಾಗಿಯೂ ಅಗಲವಾದ ಕಡೆ ದುರ್ಬಲವಾಗಿಯೂ ಇರುತ್ತದೆ. ಮೇಲಿನ 200 ಆಂಪಿಯರ್ ಉದಾಹರಣೆಯಲ್ಲಿ ಕ್ಯಾಥೋಡಿನ ಬಳಿ ತ್ರಿಜ್ಯ ಅರ್ಧ ಮಿಲಿಮೀಟರ್ ಎಂದಿಟ್ಟುಕೊಂಡರೆ ಅಲ್ಲಿಯ ಅಕ್ಷದಲ್ಲಿ ಒತ್ತಡ ಸುಮಾರು 5,000 ಪಾಸ್ಕಲ್‌ನಷ್ಟು ಏರಿರುತ್ತದೆ. ತ್ರಿಜ್ಯ 2 ಮಿಲಿಮೀಟರಿಗೆ ಹಿಗ್ಗಿದ ಕಡೆ ಈ ಏರಿಕೆ 320 ಪಾಸ್ಕಲ್ ಮಾತ್ರ. ವಾತಾವರಣದ ಒತ್ತಡದ ಮುಂದೆ ಎರಡೂ ಚಿಕ್ಕವು, ಆದರೆ ಅವುಗಳ ನಡುವಿನ ಇಳಿಜಾರು ಕೆಲವೇ ಮಿಲಿಮೀಟರುಗಳಲ್ಲಿ ಮುಗಿಯುವಂಥದು, ಮತ್ತು ಅದು ದೂಡಬೇಕಾದ ಪ್ಲಾಸ್ಮಾದ ಸಾಂದ್ರತೆ ಘನ ಮೀಟರಿಗೆ ಒಂದು ಕಿಲೋಗ್ರಾಮಿನ ನೂರರಲ್ಲಿ ಒಂದೆರಡು ಪಾಲಿನಷ್ಟು. ಹೀಗಾಗಿ ಕ್ಯಾಥೋಡಿನಿಂದ ಧನಾಗ್ರದ ಕಡೆಗೆ, ಅಂದರೆ ಆನೋಡಿನ ಕಡೆಗೆ, ಸೆಕೆಂಡಿಗೆ ನೂರಾರು ಮೀಟರ್ ವೇಗದ ಪ್ಲಾಸ್ಮಾ ಜೆಟ್ ಹೊರಡುತ್ತದೆ. ಈ ಜೆಟ್ ಕ್ಯಾಥೋಡಿನ ಪಕ್ಕದ ತಂಪಾದ ಅನಿಲವನ್ನು ಎಡೆಬಿಡದೆ ಒಳಕ್ಕೆ ಸೆಳೆದುಕೊಳ್ಳುವುದರಿಂದ ಚಾಪವು ತನ್ನನ್ನು ತಾನೇ ಪಂಪು ಮಾಡಿಕೊಳ್ಳುವ ಸಾಧನವಾಗುತ್ತದೆ. ಆನೋಡಿನ ಬಳಿಯೂ ಚಾಪ ಕಿರಿದಾದರೆ ಅಲ್ಲಿಂದ ಎದುರು ದಿಕ್ಕಿನ ಇನ್ನೊಂದು ಜೆಟ್ ಹುಟ್ಟಿ, ಎರಡೂ ಎದುರುಬದುರಾಗಿ ಡಿಕ್ಕಿ ಹೊಡೆದು ಪ್ಲಾಸ್ಮಾ ಪಕ್ಕಕ್ಕೆ ಹರಡುತ್ತದೆ. ಇಡೀ ವಿಷಯದಲ್ಲಿ ಇಷ್ಟು ಕಡಿಮೆ ಊಹೆಗಳಿಂದ ಇಷ್ಟು ಹೆಚ್ಚನ್ನು ವಿವರಿಸಿದ ಇನ್ನೊಂದು ವಿಚಾರ ಸಿಗುವುದು ಕಷ್ಟ.

ಹಿಸುಕಿನಿಂದ ಏರಿದ ಒತ್ತಡವನ್ನು ಕಂಬದ ಅಡ್ಡಕೊಯ್ತದ ಮೇಲೆಲ್ಲ ಕೂಡಿದಾಗ ದೊರೆಯುವ ಒಟ್ಟು ಬಲವು ಪ್ರವಾಹದ ವರ್ಗವನ್ನು ಮಾತ್ರ ಅವಲಂಬಿಸುತ್ತದೆ. ತ್ರಿಜ್ಯ ಇಲ್ಲಿಯೂ ಲೆಕ್ಕದಿಂದ ಹೊರಗುಳಿಯುತ್ತದೆ. 200 ಆಂಪಿಯರಿಗೆ ಈ ಬಲ 2 ಮಿಲಿನ್ಯೂಟನ್ ಮಾತ್ರ. ಉಕ್ಕನ್ನು ಕರಗಿಸುವ ಚಾಪಕುಲುಮೆಯ 50,000 ಆಂಪಿಯರಿಗೆ ಅದು 125 ನ್ಯೂಟನ್, ಅಂದರೆ 12 ಕಿಲೋಗ್ರಾಮಿಗೂ ಮಿಕ್ಕ ತೂಕದ ಒತ್ತು. ಚಾಪ ಅಗಲವಾಗುತ್ತ ಹೋದಂತೆ ಪ್ರವಾಹದ ರೇಖೆಗಳು ಓರೆಯಾಗಿ, ಅಕ್ಷದ ಉದ್ದಕ್ಕೂ ಇನ್ನಷ್ಟು ಬಲ ಸೇರಿಕೊಳ್ಳುತ್ತದೆ. ಅಂಥ ಕುಲುಮೆಯಲ್ಲಿ ಜೆಟ್ ಕರಗಿದ ಉಕ್ಕಿನ ಮೇಲ್ಮೈಯಲ್ಲಿ ಆಳವಾದ ಕುಳಿ ತೋಡಿ, ಶಾಖವನ್ನು ಲೋಹದೊಳಕ್ಕೆ ಒಯ್ಯುತ್ತದೆ. ಮೂರು ಫೇಸ್‌ಗಳ ಕುಲುಮೆಯಲ್ಲಿ ಒಂದೊಂದು ಚಾಪವೂ ಉಳಿದೆರಡರ ಕಾಂತಕ್ಷೇತ್ರದಿಂದ ಹೊರಕ್ಕೆ ಬಾಗುವುದರಿಂದ, ಕುಲುಮೆಯ ಗೋಡೆಯ ಇಟ್ಟಿಗೆಗಳು ಕೆಲವೆಡೆ ಬೇಗ ಸವೆಯುತ್ತವೆ.

ಟಂಗ್‌ಸ್ಟನ್ ಕಡ್ಡಿಯನ್ನು ಬಳಸುವ ಟಿಗ್ ಬೆಸುಗೆಯಲ್ಲಿ ಚಾಪದ ಒತ್ತಡ ಎಂದು ಕರೆಯುವುದು, ಈ ಜೆಟ್ ಕರಗಿದ ಲೋಹದ ಕೊಳಕ್ಕೆ ಬಡಿದಾಗ ಅಲ್ಲಿ ಉಂಟಾಗುವ ಹೆಚ್ಚುವರಿ ಒತ್ತಡವನ್ನು. 200 ಆಂಪಿಯರ್ ಆಸುಪಾಸಿನಲ್ಲಿ ಅದು ನಡುಮಧ್ಯದಲ್ಲಿ ನೂರಾರು ಪಾಸ್ಕಲ್‌ಗಳಷ್ಟಿರುತ್ತದೆ. ಒಂದು ಮಿಲಿಮೀಟರ್ ಎತ್ತರದ ಕರಗಿದ ಉಕ್ಕು ತನ್ನ ತೂಕದಿಂದ ಹಾಕುವ ಒತ್ತಡ ಸುಮಾರು 70 ಪಾಸ್ಕಲ್ ಆದುದರಿಂದ, ತೂಕವೊಂದೇ ಎದುರಿಗಿದ್ದಿದ್ದರೆ ಕೊಳದ ನಡುವೆ ಹಲವು ಮಿಲಿಮೀಟರ್ ಆಳದ ತಗ್ಗು ಬೀಳಬೇಕಾಗಿತ್ತು. ಕರಗಿದ ಉಕ್ಕಿನ ಬಲವಾದ ಮೇಲ್ಮೈ ಎಳೆತ ಅದನ್ನು ಬಹುಪಾಲು ತಡೆಯುತ್ತದೆ. ಪ್ರವಾಹ 300 ಆಂಪಿಯರನ್ನು ದಾಟಿದಂತೆ ಈ ತಡೆ ಸೋಲತೊಡಗಿ, ಕೊಳದ ಮೇಲ್ಮೈ ಸ್ಪಷ್ಟವಾಗಿ ಕುಸಿಯುತ್ತದೆ ಮತ್ತು ಬೆಸುಗೆಯ ಅಂಚಿನಲ್ಲಿ ಕೊರಕಲು ಬೀಳುವಂಥ ದೋಷಗಳು ತಲೆದೋರುತ್ತವೆ. ಕಡ್ಡಿಯ ತುದಿಯನ್ನು ಎಷ್ಟು ಚೂಪಾಗಿ ಸಾಣೆ ಹಿಡಿಯಲಾಗಿದೆ ಎಂಬುದರ ಮೇಲೆಯೂ ಈ ಒತ್ತಡ ಬದಲಾಗುತ್ತದೆ, ಏಕೆಂದರೆ ತುದಿಯ ಆಕಾರವೇ ಚಾಪ ಎಲ್ಲಿ ಕಿರಿದಾಗಬೇಕೆಂಬುದನ್ನು ನಿರ್ಧರಿಸುತ್ತದೆ. ಕರಗುವ ತಂತಿಯನ್ನು ಬಳಸುವ ಮಿಗ್ ಬೆಸುಗೆಯಲ್ಲಿ ಹಿಸುಕು ಇನ್ನೊಂದು ಕೆಲಸವನ್ನೂ ಮಾಡುತ್ತದೆ: ತಂತಿಯ ತುದಿಯಲ್ಲಿ ತೂಗುವ ಕರಗಿದ ಹನಿಯ ಕತ್ತನ್ನು ಅದು ಅದುಮಿ ಕಡಿಯುತ್ತದೆ. 1.2 ಮಿಲಿಮೀಟರ್ ವ್ಯಾಸದ ಉಕ್ಕಿನ ತಂತಿಯನ್ನು ಆರ್ಗಾನ್ ಹೆಚ್ಚಿರುವ ಅನಿಲದಲ್ಲಿ ಬಳಸುವಾಗ, ಸುಮಾರು 250 ಆಂಪಿಯರ್ ಹತ್ತಿರ ದಪ್ಪ ಹನಿಗಳು ತೊಟ್ಟಿಕ್ಕುವ ಬದಲು ಸಣ್ಣ ಹನಿಗಳ ತುಂತುರು ಹೊರಡುವುದು ಈ ಬಲವು ಮೇಲ್ಮೈ ಎಳೆತವನ್ನು ಗೆದ್ದುದರ ಫಲ.

ಚಾಪವು ವಿದ್ಯುದಗ್ರಗಳನ್ನು ಎಷ್ಟು ಬಲದಿಂದ ತಳ್ಳುತ್ತದೆ ಎಂಬ ಪ್ರಶ್ನೆ ಮೆಕರ್‌ಗಿಂತ ಹಳೆಯದು. ಇಂಗಾಲದ ಕಡ್ಡಿಗಳ ನಡುವಿನ ಚಾಪದಲ್ಲಿ ಈ ಸೂಕ್ಷ್ಮ ಒತ್ತನ್ನು ಅಳೆದ ಡಫೀಲ್ಡ್ ಮತ್ತು ಸಂಗಡಿಗರ ವಿಸ್ತಾರವಾದ ಪ್ರಬಂಧ 1920ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಿಂದ ಪ್ರಕಟವಾಯಿತು. ನಿರ್ವಾತದಲ್ಲಿ ಇದೇ ಅಳತೆ ಬೆರಗು ಹುಟ್ಟಿಸಿತು. 1930ರಲ್ಲಿ ಟ್ಯಾನ್‌ಬರ್ಗ್ ತಾಮ್ರದ ಕ್ಯಾಥೋಡಿನ ಮೇಲೆ ಬೀಳುವ ಹಿನ್ನೊತ್ತನ್ನೂ ಅದರ ಎದುರು ತೂಗಿಬಿಟ್ಟ ಪಟ್ಟಿಯೊಂದಕ್ಕೆ ಬಡಿಯುವ ಆವಿಯ ಬಲವನ್ನೂ ಅಳೆದು, ಆವಿಯ ವೇಗ ಸೆಕೆಂಡಿಗೆ ಸುಮಾರು 16 ಕಿಲೋಮೀಟರ್ ಎಂದು ಲೆಕ್ಕ ಹಾಕಿದರು. ಬರಿಯ ಶಾಖದಿಂದ ಇಂಥ ವೇಗ ಬರಬೇಕಾದರೆ ಕ್ಯಾಥೋಡಿನ ಬಳಿ ತಾಪ ಐದು ಲಕ್ಷ ಕೆಲ್ವಿನ್ ಇರಬೇಕಾಗುತ್ತದೆ. ತಾಮ್ರದ ಕುದಿಬಿಂದು ಮೂರು ಸಾವಿರ ಕೆಲ್ವಿನ್ನಿಗಿಂತ ಕೆಳಗಿದೆ. ಕಾರ್ಲ್ ಕಾಂಪ್ಟನ್ ಕೂಡಲೇ ಬೇರೊಂದು ವಿವರಣೆಯನ್ನು ಮುಂದಿಟ್ಟರು, ಚರ್ಚೆ ದಶಕಗಳ ಕಾಲ ನಡೆಯಿತು. ವೇಗವಾಗಿ ಬರುವ ಆವಿಯ ಬಹುಪಾಲು ಧನಾತ್ಮಕ ಅಯಾನುಗಳು ಎಂದು ಅನಂತರ ಗೊತ್ತಾದಾಗ ಸಮಸ್ಯೆ ಇನ್ನೂ ತೀಕ್ಷ್ಣವಾಯಿತು, ಏಕೆಂದರೆ ಧನ ಅಯಾನುಗಳು ಕ್ಯಾಥೋಡಿನ ಕಡೆಗೆ ಸೆಳೆಯಲ್ಪಡಬೇಕೇ ಹೊರತು ಅದರಿಂದ ದೂರಕ್ಕೆ ಧಾವಿಸಬಾರದು.

ಇದಕ್ಕೆ ಉತ್ತರ ಪ್ಲಾಸ್ಮಾ ಒತ್ತಡದಲ್ಲಿಯೇ ಸಿಕ್ಕಿತು. ನಿರ್ವಾತ ಚಾಪದ ಪ್ರವಾಹವು ಕ್ಯಾಥೋಡಿನ ಮೇಲೆ ಮೈಕ್ರೋಮೀಟರುಗಳ ಗಾತ್ರದ, ಕ್ಷಣಕ್ಷಣಕ್ಕೂ ಹುಟ್ಟಿ ಸಾಯುವ ಉಜ್ವಲ ಚುಕ್ಕೆಗಳಿಂದ ಹೊರಡುತ್ತದೆ. ಅಲ್ಲಿ ಲೋಹ ಸ್ಫೋಟದಂತೆ ಪ್ಲಾಸ್ಮಾ ಆಗಿ ಮಾರ್ಪಡುವುದರಿಂದ ಕಣಗಳ ಸಾಂದ್ರತೆ ಘನರೂಪದ ಸಮೀಪಕ್ಕೆ ಹೋಗಿ, ಒತ್ತಡ ವಾತಾವರಣದ ನೂರಾರು ಪಟ್ಟು ಏರುತ್ತದೆಂದು ಅಂದಾಜಿಸಲಾಗಿದೆ; ಕೆಲವೇ ಮಿಲಿಮೀಟರ್ ಆಚೆಗೆ ನಿರ್ವಾತವಿದೆ. ಈ ಅಪಾರ ಇಳಿಜಾರಿನಲ್ಲಿ ಪ್ಲಾಸ್ಮಾ ಹಿಗ್ಗುವಾಗ, ಅಯಾನುಗಳು ಒತ್ತಡದಿಂದಲೂ ಹೊರಮುಖವಾಗಿ ಹರಿಯುವ ಎಲೆಕ್ಟ್ರಾನುಗಳ ತಿಕ್ಕಾಟದಿಂದಲೂ ಸೆಕೆಂಡಿಗೆ 10ರಿಂದ 20 ಕಿಲೋಮೀಟರ್ ವೇಗ ಪಡೆಯುತ್ತವೆ. ಈ ಚುಕ್ಕೆಗಳ ಇನ್ನೊಂದು ನಡತೆಯನ್ನು ಯೋಹಾನೆಸ್ ಸ್ಟಾರ್ಕ್ 1903ರಲ್ಲಿಯೇ ಕಂಡಿದ್ದರು: ಕಡಿಮೆ ಒತ್ತಡದ ಚಾಪಕ್ಕೆ ಅಡ್ಡಲಾಗಿ ಕಾಂತಕ್ಷೇತ್ರವನ್ನು ಒಡ್ಡಿದರೆ ಕ್ಯಾಥೋಡಿನ ಚುಕ್ಕೆ ಕಾಂತೀಯ ಬಲದ ನಿಯಮ ಹೇಳುವ ದಿಕ್ಕಿಗೆ ಸರಿಯಾಗಿ ವಿರುದ್ಧವಾಗಿ ಓಡುತ್ತದೆ, ಅನಿಲದ ಒತ್ತಡವನ್ನು ಸಾಕಷ್ಟು ಹೆಚ್ಚಿಸಿದರೆ ಮಾತ್ರ ಸರಿಯಾದ ದಿಕ್ಕಿಗೆ ತಿರುಗುತ್ತದೆ. ಈ ಹಿಮ್ಮುಖ ಓಟಕ್ಕೆ ಎಲ್ಲರೂ ಒಪ್ಪುವ ವಿವರಣೆ ಇಂದಿಗೂ ಮೂಡಿಲ್ಲ.

ಹೊರಗಿನ ಅಯಸ್ಕಾಂತದಿಂದ ಚಾಪವನ್ನು ಬಾಗಿಸಬಹುದೆಂದು ಹಂಫ್ರಿ ಡೇವಿ 1821ರಲ್ಲಿ ತೋರಿಸಿದ್ದರು. ಇದನ್ನು ಉದ್ಯಮದ ಮಟ್ಟಕ್ಕೆ ಏರಿಸಿದವರು ನಾರ್ವೆಯ ಬಿರ್ಕೆಲಂಡ್ ಮತ್ತು ಐಡೆ. ಗಾಳಿಯ ಸಾರಜನಕದಿಂದ ಗೊಬ್ಬರ ತಯಾರಿಸಲು 1905ರಲ್ಲಿ ನೋಟೊಡೆನ್‌ನಲ್ಲಿ ತೆರೆದ ಕಾರ್ಖಾನೆಯಲ್ಲಿ, ಪರ್ಯಾಯ ಪ್ರವಾಹದ ಚಾಪವನ್ನು ಸ್ಥಿರ ಕಾಂತಕ್ಷೇತ್ರವು ಮೇಲಕ್ಕೂ ಕೆಳಕ್ಕೂ ಸರದಿಯಂತೆ ಹರಡಿ, ಉರಿಯುವ ತಟ್ಟೆಯ ರೂಪಕ್ಕೆ ತರುತ್ತಿತ್ತು. ಹೊರಗಿನ ಕ್ಷೇತ್ರವಿಲ್ಲದಿದ್ದರೂ ಬಾಗಿದ ಚಾಪ ಮತ್ತಷ್ಟು ಬಾಗುತ್ತದೆ. ಬಾಗಿನ ಒಳಬದಿಯಲ್ಲಿ ಕ್ಷೇತ್ರರೇಖೆಗಳು ಒತ್ತೊತ್ತಾಗಿ ಕಾಂತೀಯ ಒತ್ತಡ ಹೆಚ್ಚುವುದರಿಂದ ಚಾಪ ಹೊರಕ್ಕೆ ಉಬ್ಬುತ್ತದೆ. ಇದು ಡೊಂಕಿನ ಅಸ್ಥಿರತೆ. ಕಂಬದ ಒಂದೆಡೆ ತುಸು ಸೊರಗಿದರೆ ಅಲ್ಲಿ ಕ್ಷೇತ್ರ ತೀವ್ರವಾಗಿ ಇನ್ನಷ್ಟು ಸೊರಗುವುದು ಮತ್ತೊಂದು ಬಗೆಯ ಅಸ್ಥಿರತೆ. ಸರ್ಕ್ಯೂಟ್ ಬ್ರೇಕರುಗಳಲ್ಲಿ ಮೊದಲನೆಯದು ಉಪಕಾರಿ: ಸಂಪರ್ಕಗಳು ಬೇರ್ಪಟ್ಟಾಗ ಹುಟ್ಟಿದ ಚಾಪ ತನ್ನದೇ ಕಾಂತೀಯ ಒತ್ತಡದಿಂದ ಲೋಹದ ತಗಡುಗಳ ಸಾಲಿನೊಳಕ್ಕೆ ನುಗ್ಗಿ, ಹಲವು ತುಂಡುಗಳಾಗಿ ತಣಿದು ಆರುತ್ತದೆ. ಜೋಸೆಫ್ ಸ್ಲೇಪಿಯನ್ ಅವರು 1920ರ ದಶಕದ ಕೊನೆಯಲ್ಲಿ ರೂಪಿಸಿದ ಈ ವಿಧಾನ ಇಂದು ಮನೆಯ ಎಂಸಿಬಿಯೊಳಗೂ ಇದೆ. ನಿರ್ವಾತ ಬ್ರೇಕರುಗಳಲ್ಲಿ ಹಿಸುಕು ಶತ್ರುವಾಗುತ್ತದೆ. ಸುಮಾರು 10,000 ಆಂಪಿಯರ್ ಮೀರಿದಾಗ ಚದುರಿದ್ದ ಚಾಪ ಒಂದೇ ಕಂಬವಾಗಿ ಒಟ್ಟುಗೂಡಿ ಆನೋಡನ್ನು ಕರಗಿಸುವುದರಿಂದ, ಸಂಪರ್ಕಗಳಲ್ಲಿ ಸುರುಳಿ ಸೀಳುಗಳನ್ನು ಕೊರೆದು ಆ ಕಂಬವನ್ನು ಓಡಿಸುತ್ತಾರೆ, ಇಲ್ಲವೆ ಅಕ್ಷದ ಉದ್ದಕ್ಕೆ ಕಾಂತಕ್ಷೇತ್ರವನ್ನು ಹಾಯಿಸಿ ಚಾಪ ಒಟ್ಟುಗೂಡದಂತೆ ನೋಡಿಕೊಳ್ಳುತ್ತಾರೆ. ಇಂಥ ಬ್ರೇಕರುಗಳು ಷಾರ್ಟ್ ಸರ್ಕ್ಯೂಟಿನ ಪ್ರವಾಹವನ್ನು ತಾಳಬಲ್ಲವೇ ಎಂಬುದನ್ನು ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗುತ್ತದೆ.

ಪ್ರವಾಹ ಮೈಕ್ರೋಸೆಕೆಂಡುಗಳಲ್ಲಿ ಏರಿದರೆ, ಅನಿಲಕ್ಕೆ ಹಿಗ್ಗಲು ಸಮಯವಿಲ್ಲದೆ ಪ್ಲಾಸ್ಮಾ ಒತ್ತಡವೇ ಮೇಲುಗೈ ಪಡೆಯುತ್ತದೆ. ಸಿಡಿಲಿನ ಮುಖ್ಯ ಹೊಡೆತದಲ್ಲಿ ವಾಹಿನಿಯ ತಾಪ 30,000 ಕೆಲ್ವಿನ್ ಸಮೀಪಿಸಿ, ಒತ್ತಡ ವಾತಾವರಣದ ಸುಮಾರು ಹತ್ತು ಪಟ್ಟು ಏರುತ್ತದೆ. ಆ ವಾಹಿನಿ ಹಿಗ್ಗಿ ಎಬ್ಬಿಸುವ ಆಘಾತ ತರಂಗವೇ ಗುಡುಗಾಗುತ್ತದೆ. 30,000 ಆಂಪಿಯರ್ ಹರಿಯುವ, 1 ಸೆಂಟಿಮೀಟರ್ ತ್ರಿಜ್ಯದ ವಾಹಿನಿಯ ಅಂಚಿನಲ್ಲಿ ಕಾಂತೀಯ ಒತ್ತಡ ವಾತಾವರಣದ ಸುಮಾರು 1.4 ಪಟ್ಟು ಮಾತ್ರ ಇರುವುದರಿಂದ ಆರಂಭದ ಆ ಹಿಗ್ಗನ್ನು ಅದು ತಡೆಯಲಾರದು. ಕಾಂತೀಯ ಒತ್ತಡವೇ ಗೆಲ್ಲುವಂತೆ ಮಾಡಿ, ಹಿಸುಕಿದ ಪ್ಲಾಸ್ಮಾದಲ್ಲಿ ಪರಮಾಣು ಸಮ್ಮಿಲನವನ್ನು ಸಾಧಿಸುವ ಯತ್ನ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ 1957ರಲ್ಲಿ ಚಾಲನೆಗೊಂಡ ಜೀಟಾ ಯಂತ್ರದಲ್ಲಿ ನಡೆಯಿತು. ಅಲ್ಲಿ ಎದುರಾದ ದೊಡ್ಡ ತೊಡಕು ಮೇಲೆ ಹೇಳಿದ ಅಸ್ಥಿರತೆಗಳೇ.

ಚಾಪದ ಕಾಂತೀಯ ಒತ್ತಡವನ್ನು ನೇರವಾಗಿ ನೂಕುಬಲವಾಗಿ ಬಳಸುವ ಸಾಧನ ಬಾಹ್ಯಾಕಾಶ ನೌಕೆಗಳ ಎಂಪಿಡಿ ಎಂಜಿನು. 1964ರಲ್ಲಿ ಅಮೆರಿಕದಲ್ಲಿ ಅಡ್ರಿಯಾನೊ ಡುಕಾಟಿ ಮತ್ತು ಸಂಗಡಿಗರು, ಚಾಪದಿಂದ ಅನಿಲವನ್ನು ಕಾಯಿಸಿ ಚಿಮ್ಮಿಸುವ ಎಂಜಿನಿಗೆ ಅನಿಲದ ಹರಿವನ್ನು ಬಹಳ ಕಡಿಮೆ ಮಾಡಿದಾಗ, ಚಿಮ್ಮುವ ವೇಗ ಶಾಖದಿಂದ ಸಾಧ್ಯವಾಗುವುದಕ್ಕಿಂತ ಎಷ್ಟೋ ಹೆಚ್ಚಾದುದನ್ನು ಕಂಡರು. ಅಲ್ಲಿ ಕೆಲಸ ಮಾಡುತ್ತಿದ್ದುದು ಮೆಕರ್ ವಿವರಿಸಿದ ಬಲವೇ: ನಡುವಿನ ಕ್ಯಾಥೋಡಿನಿಂದ ಸುತ್ತಲಿನ ಉಂಗುರದಂಥ ಆನೋಡಿಗೆ 10,000 ಆಂಪಿಯರ್ ಹರಿದರೆ, ಎರಡರ ತ್ರಿಜ್ಯಗಳ ಅನುಪಾತಕ್ಕೆ ತಕ್ಕಂತೆ, ಇಪ್ಪತ್ತು ನ್ಯೂಟನ್ನಿನ ಆಸುಪಾಸಿನ ನೂಕುಬಲ ಬರುತ್ತದೆ. 1995ರಲ್ಲಿ ಹಾರಿದ ಜಪಾನಿನ ಸ್ಪೇಸ್ ಫ್ಲೈಯರ್ ಯೂನಿಟ್ ಉಪಗ್ರಹದಲ್ಲಿ ಇಂಥ ಎಂಜಿನಿನ ಪರೀಕ್ಷೆ ನಡೆಯಿತು. ಪ್ರವಾಹದ ವರ್ಗವನ್ನು ಅನಿಲದ ಹರಿವಿನಿಂದ ಭಾಗಿಸಿದ ಪ್ರಮಾಣ ಒಂದು ಮಿತಿಯನ್ನು ಮೀರಿದರೆ ಹಿಸುಕು ಪ್ಲಾಸ್ಮಾವನ್ನು ಆನೋಡಿನಿಂದ ದೂರಕ್ಕೆ ಸೆಳೆದು, ಆನೋಡಿನ ಬಳಿ ಕಣಗಳ ಅಭಾವ ಉಂಟುಮಾಡುತ್ತದೆ. ವೋಲ್ಟೇಜು ಏರುಪೇರಾಗಿ ಆನೋಡಿನ ಲೋಹ ಸವೆಯತೊಡಗುತ್ತದೆ. ಈ ಮಿತಿಯನ್ನು ಎತ್ತರಿಸಲು ಹೊರಗಿನಿಂದ ಅಕ್ಷೀಯ ಕಾಂತಕ್ಷೇತ್ರ ಒಡ್ಡುವುದು, ಆನೋಡಿನ ಬಳಿಯಿಂದಲೇ ಸ್ವಲ್ಪ ಅನಿಲ ಹಾಯಿಸುವುದು, ಆನೋಡಿನ ಆಕಾರ ಬದಲಿಸುವುದು ಮೊದಲಾದ ಉಪಾಯಗಳನ್ನು ಪ್ರಯೋಗಾಲಯಗಳಲ್ಲಿ ಪರಿಶೀಲಿಸಲಾಗುತ್ತಿದೆ.